ಐಸ್‌ಲ್ಯಾಂಡಿನಿಂದ ತಂದ ಕಲ್ಲು

ದಿನಾ ದೇವರ ಪೂಜೆ ಮಾಡುತ್ತೇನೆ, ಆದರೆ ದೆವ್ವ, ಪವಾಡ ಎಂದರೆ ನಗುವ ಜಾತಿ ನನ್ನದು. ಯಾರಾದರೂ ಅಂಥದ್ದು ಹೇಳಿದರೆ ಕಾಗಕ್ಕ ಗುಬ್ಬಕ್ಕನ ಕಥೆ ಸಾಕು ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನದನ್ನೇ ಹೇಳಲು ಕೂತಿದ್ದೇನೆ, ನಗುವವರು ನಗಲಿ.

ನಮ್ಮ ಯಜಮಾನರು ಭೂವಿಜ್ಞಾನಿ. ಕೆಲವು ವರ್ಷಗಳ ಹಿಂದೆ ಐಸ್‌ಲ್ಯಾಂಡಿನಲ್ಲಿ ಲಾವಾ ಹರಿದು ಹೆಪ್ಪುಗಟ್ಟಿದ ಜಾಗವೊಂದಕ್ಕೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. ನಮ್ಮ ಮಗಳಿಗಿಂತ ಚಿಕ್ಕ ವಯಸ್ಸಿನ ನೆಲ ಅದು. ಬರಿಯ ಕಲ್ಲಿನ ಮೇಲೆ ಮೊದಲ ಪಾಚಿ ಹೇಗೆ ಕೂರುತ್ತದೆ, ಜೀವ ಹೇಗೆ ಶುರುವಾಗುತ್ತದೆ ಎಂದು ಕಣ್ಣಾರೆ ಕಾಣಲು ಇಂಥ ಜಾಗಗಳೇ ಬೇಕಂತೆ. ಬಂದವರೆಲ್ಲ ತುಳಿದು, ಒಂದೊಂದು ಚೂರು ಒಯ್ದರೆ ಮುಗಿಯಿತು. ಅದನ್ನು ಕಾಪಾಡಲು ಮಾಡಿದ್ದ ಸಮಿತಿಯಲ್ಲಿ ಇವರ ಮಾತಿಗೆ ತೂಕವಿತ್ತು.

ನಾನೋ, ಲಿಂಗದ ಆಕಾರದ ಪುಟ್ಟ ಕಲ್ಲೊಂದನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ಮೈಸೂರಿನ ನಮ್ಮ ಮನೆಯಲ್ಲಿ ಪೂಜೆಯ ಕಲ್ಲುಗಳೆಲ್ಲ ಹಿರಿಯರು ಒಂದೊಂದು ನದಿಯಿಂದ ತಂದವೇ. ದೇವರಿಗೆಂದು ತಂದರೆ ಕಳ್ಳತನ ಹೇಗಾದೀತು ಎಂದುಕೊಂಡೆ. ಆದರೂ ಇವರಿಗೆ ಹೇಳಲಿಲ್ಲ.

ವಿಲಾಯಿತಿಯಲ್ಲಿ ನಾವಿರುವ ಕೆಂಟನ್ನಿನ ಮನೆಗೆ ಬಂದ ಮೇಲೆ ದೇವರ ಗೂಡಿನಲ್ಲಿಟ್ಟು, ಸೋಮವಾರ ಬೆಳಗ್ಗೆ ಹಾಲೆರೆದೆ. ಚುರ್ ಎಂದಿತು. ಹಾಲು ಸೀದ ವಾಸನೆ ಬಂತು. ಮುಟ್ಟಿದರೆ ಬೆರಳು ಸುಟ್ಟು ಬೊಬ್ಬೆ ಎದ್ದಿತು. ಅದು ಬಿಸಿಲು ಬೀಳದ ಮೂಲೆ. ದೀಪವನ್ನೂ ಇನ್ನೂ ಹಚ್ಚಿರಲಿಲ್ಲ. ನಮ್ಮ ಜಿಪಿ ಡಾಕ್ಟರು ಬೊಬ್ಬೆ ನೋಡಿ ಇಸ್ತ್ರಿಪೆಟ್ಟಿಗೆ ತಗುಲಿತೇ ಎಂದು ಕೇಳಿದರು. ಹೂಂ ಎಂದೆ. ಮರುದಿನ ಬೆಳಗ್ಗೆಯೂ ಹಾಗೇ ಆಯಿತು. ಆಗ ನಿಜವಾಗಿ ಹೆದರಿದೆ.

ಸಂಜೆ ಇವರ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಬೈಯಲಿಲ್ಲ. ಎದ್ದು ಹೋಗಿ ಕಲ್ಲನ್ನು ಮುಟ್ಟಿ, ತಣ್ಣಗಿದೆ ಎಂದರು.

"ಯಾರಿಗೂ ಗೊತ್ತಾಗಲ್ಲ ರೀ, ಗಾರ್ಡನ್ನಲ್ಲಿ ಹೂತುಬಿಡೋಣ," ಎಂದೆ.

"ನಂಗೆ ಗೊತ್ತಾಯ್ತಲ್ಲೇ," ಎಂದರು.

ಕಲ್ಲನ್ನು ವಾಪಸು ಕಳಿಸಿದರು. ಜೊತೆಗೆ, ತೆಗೆದದ್ದು ನನ್ನ ಹೆಂಡತಿಯೇ ಎಂದು ಕಾಗದ ಬರೆದರು. ಇನ್ನೊಬ್ಬರಿಗೆ ಬುದ್ಧಿ ಹೇಳುವ ಮುಖ ತಮಗಿಲ್ಲವೆಂದು ಸಮಿತಿಯಿಂದ ತಾವೇ ಹೊರಬಂದರು. ಅವರು ವರ್ಷಗಟ್ಟಲೆ ಕಷ್ಟಪಟ್ಟು ಗಳಿಸಿದ ಮಾತಿನ ಬೆಲೆಯನ್ನು ನಾನು ಒಂದು ಪುಟ್ಟ ಕಲ್ಲಿನಿಂದ ಕಳೆದೆ. ಆ ಸಂಕಟ ಇನ್ನೂ ಹೋಗಿಲ್ಲ.

ಕಲ್ಲು ತಣ್ಣಗೇ ಇತ್ತು, ಎಲ್ಲ ನಿನ್ನ ಭ್ರಮೆ ಎಂದು ಇವರು ಇಂದಿಗೂ ಹೇಳುತ್ತಾರೆ. ಇರಬಹುದು. ಆದರೆ ಅದನ್ನು ಪೆಟ್ಟಿಗೆಗೆ ಹಾಕುವಾಗ ಅವರು ಅಡುಗೆಮನೆಯ ಮಸಿಬಟ್ಟೆಯಲ್ಲಿ ಹಿಡಿದುಕೊಂಡಿದ್ದರು. ಯಾಕೆಂದು ನಾನು ಕೇಳಿಲ್ಲ.