ತಾನಾಗಿ ಓಡಿದ ಬೆಲ್ಟು

ಅತ್ತಿಗೆಯ ಬೆರಳಿಗೆ ಪೆಟ್ಟಾದ ಮೇಲೆ ಅವಳ ಜಡೆ ಹೆಣೆಯುವ ಕೆಲಸ ನಾದಿನಿಯ ಪಾಲಿಗೆ ಬಂತು. ಹಿಂದೆ ನಿಂತು ಹೆಣೆಯುವುದರಿಂದ ಮುಖ ನೋಡಬೇಕಾಗಿರಲಿಲ್ಲ. ಅಷ್ಟಾದರೂ ಪುಣ್ಯ.

"ಅತ್ತಿಗೆ, ನಾನು…"

"ಮಾತು ಬೇಡ. ಬಿಗಿಯಾಗಿ ಹೆಣಿ, ಇಲ್ದಿದ್ರೆ ಮಧ್ಯಾಹ್ನದೊಳಗೆ ಬಿಚ್ಚೋಗತ್ತೆ."

ಇಬ್ಬರೂ ಒಂದೇ ಸೋಪಿನ ಕಾರ್ಖಾನೆಯವರು. ಅತ್ತಿಗೆ ಬೆಲ್ಟಿನ ಮೇಲೆ ಬರುವ ಸೋಪುಗಳನ್ನು ಪೆಟ್ಟಿಗೆಗೆ ತುಂಬುವವಳು. ನಾದಿನಿ ಡಿಪ್ಲೊಮಾ ಓದಿ, ಯಂತ್ರಗಳನ್ನು ನಡೆಸುವ ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರಿನ ಪ್ರೋಗ್ರಾಂ ನೋಡಿಕೊಳ್ಳುವವಳು. ಮೊದಲು ಕರೆಂಟು ಹೋಗಿ ಬಂದಾಗಲೆಲ್ಲ ಬೆಲ್ಟು ಮತ್ತೆ ಓಡಲು ಯಾರಾದರೂ ಅದರ ಆ ತುದಿಗೆ ನಡೆದು ಹಸಿರು ಗುಂಡಿ ಒತ್ತಬೇಕಿತ್ತು. ಮೇಸ್ತ್ರಿಗೆ ಅದು ತಲೆನೋವು.

"ಏನಮ್ಮಾ ಇಂಜಿನಿಯರಮ್ಮ, ನಿನ್ ಮಿಷನ್ನ ಪ್ರತಿ ಸಲ ತಟ್ಟಿ ಎಬ್ಬಿಸ್ಬೇಕಾ? ನಮ್ಮನೆ ಸೋಮಾರಿ ಅಳಿಯನೇ ವಾಸಿ!"

ಎಲ್ಲರೂ ನಕ್ಕರು. ಅವಳಿಗೆ ಚುಚ್ಚಿತು. ಏಣಿಯಂತೆ ಕಾಣುವ ಆ ಪ್ರೋಗ್ರಾಂನಲ್ಲಿ ಒಂದೇ ಒಂದು ಮೆಟ್ಟಿಲು ಬದಲಿಸಿದಳು. ಮೊದಲಿದ್ದದ್ದು ಸಾಮಾನ್ಯ ಔಟ್‌ಪುಟ್. ಕರೆಂಟು ಹೋದರೆ ಎಲ್ಲ ಮರೆತು ಆಫ್ ಆಗುವಂಥದ್ದು. ಈಗ ಹಾಕಿದ್ದು ರಿಟೆಂಟಿವ್. ಓಡುತ್ತಿದ್ದೆ ಎನ್ನುವುದನ್ನು ನೆನಪಿಟ್ಟುಕೊಂಡು, ಕರೆಂಟು ಬಂದೊಡನೆ ತಾನಾಗಿ ಓಡುವಂಥದ್ದು. ಮೇಸ್ತ್ರಿ ಬೆನ್ನು ತಟ್ಟಿದ. "ನಮ್ಮನೆ ಹುಡುಗಿ!" ಎಂದು ಅತ್ತಿಗೆ ಎಲ್ಲರಿಗೂ ಕೇಳುವಂತೆ ಹೇಳಿಕೊಂಡಳು.

ಆದರೆ ಕರೆಂಟು ಹೋದಾಗಲೇ ಬೆಲ್ಟಿನಡಿಯ ರೋಲರಿಗೆ ಮೆತ್ತಿದ ಸೋಪು ಕೆರೆದು ತೆಗೆಯುವುದು ಪೆಟ್ಟಿಗೆ ತುಂಬುವ ಹೆಂಗಸರ ರೂಢಿ. ನಾದಿನಿ ಅದನ್ನು ದಿನಾ ನೋಡುತ್ತಿದ್ದಳು. ನೋಡಿಯೂ ಹೊಗಳಿಕೆಯ ಗುಂಗಿನಲ್ಲಿ ಅದು ತಲೆಗೆ ಬರಲಿಲ್ಲ. ಎರಡನೆಯ ಸಲ ಕರೆಂಟು ಹೋಗಿ ಬಂದಾಗ ರೋಲರಿನ ಸಂದಿಯಲ್ಲಿದ್ದದ್ದು ಅತ್ತಿಗೆಯ ಬಲಗೈ.

ಮೂಳೆ ಕೂಡಿತು. ಎರಡು ಬೆರಳು ಮಾತ್ರ ಪೂರ್ತಿ ಮಡಚುತ್ತಿರಲಿಲ್ಲ. ತಪ್ಪು ಯಾರದೆಂದು ಕಾರ್ಖಾನೆಗೆಲ್ಲ ಗೊತ್ತಿತ್ತು. ನಾದಿನಿ ಒಳಗೆ ಬಂದರೆ ಮಾತುಗಳು ತಣ್ಣಗಾಗುತ್ತಿದ್ದವು. ಈಗ ಅವಳಿಗೆ ಬೇಕಾಗಿದ್ದದ್ದು ಒಂದೇ: ಅತ್ತಿಗೆ ಮತ್ತೆ ಅವಳನ್ನು ನಂಬಿ ಆ ಬೆಲ್ಟಿಗೆ ಕೈಯಿಡಬೇಕು.

ಅತ್ತಿಗೆ ಕೆಲಸಕ್ಕೆ ಮರಳಿದ ಬೆಳಿಗ್ಗೆ ನಾದಿನಿ ಬೆಲ್ಟು ಓಡುತ್ತಿರುವಾಗಲೇ ಎಲ್ಲರೆದುರು ಮೇನ್ ಸ್ವಿಚ್ಚು ಆರಿಸಿ, ಮತ್ತೆ ಹಾಕಿದಳು. ಬೆಲ್ಟು ಕದಲಲಿಲ್ಲ.

"ಹಳೇದೇ ಹಾಕಿದೀನಿ, ಅತ್ತಿಗೆ. ಗುಂಡಿ ಒತ್ತದೆ ಓಡಲ್ಲ."

"ಇನ್ನೊಂದ್ಸಲ."

ಗುಂಡಿ ಒತ್ತಿ ಓಡಿಸಿದಳು, ಆರಿಸಿದಳು, ಹಾಕಿದಳು.

"ಇನ್ನೊಂದ್ಸಲ."

"ಸಾಕು ಬಿಡಮ್ಮ, ಮಿಷನ್ನು ಪಾಪದ ಹಸು ಆಗಿದೆ ಈಗ," ಎಂದ ಮೇಸ್ತ್ರಿ.

ಅತ್ತಿಗೆ ಅವನತ್ತ ತಿರುಗಲೂ ಇಲ್ಲ. ತಾನೇ ಹೋಗಿ ಎಡಗೈಯಿಂದ ಸ್ವಿಚ್ಚು ಆರಿಸಿದಳು. "ಇದು ಆರಿದ ಹಾಗೇ ಇರೋಕೆ ಒಂದು ಬೀಗ ಹಾಕಕ್ಕಾಗತ್ತಾ?"

"ಆಗತ್ತೆ."

"ಹಾಕು. ಬೀಗದ ಕೈ ನನ್ನ ಹತ್ರ ಇರ್ಲಿ. ನಿನ್ನ ಮೇಲೆ ಕೋಪ ಇಲ್ಲ ಕಣೇ. ನಂಬಿಕೇನೂ ಇಲ್ಲ."

ಕೇಳಬೇಕಾದ ಮಾತೇ ಅದು. ಆದರೂ ನಾದಿನಿಯ ಕಿವಿ ಕೆಂಡವಾಯಿತು. ಬೀಗ ತಂದು ಹಾಕಿದಳು. ಎಳೆದು ನೋಡಿದಳು. ಅತ್ತಿಗೆಯೂ ಎಳೆದು ನೋಡಿದಳು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ರೋಲರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ನೆಟ್ಟಗೇ ನಿಂತಿದ್ದ ಆ ಎರಡು ಬೆರಳುಗಳ ಕೈಯನ್ನೇ ಮೊದಲು ಒಳಗಿಟ್ಟಳು.