ನೆಲದಡಿಯ ಸ್ಟೇಷನ್ನಿನ ಕುಂಕುಮ

ದೆವ್ವ, ಪವಾಡ ಎಂದವರ ಮುಖಕ್ಕೇ ನಕ್ಕುಬಿಡುತ್ತಿದ್ದವಳು ನಾನು. ಈಗಲೂ ಇದನ್ನು ಏನೆಂದು ಕರೆಯಬೇಕೋ ತಿಳಿಯದು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನನ್ನ ಗಂಡ ಹೃದಯಾಘಾತದಿಂದ ತೀರಿಕೊಂಡು ವರ್ಷ ತುಂಬಿತ್ತು. ನನ್ನದೇ ಕೆಲಸ, ನನ್ನದೇ ವೀಸಾ ಇದ್ದುದರಿಂದ ಡಾಲಸ್‌ನಲ್ಲೇ ಉಳಿದಿದ್ದೆ. ಪಕ್ಕದ ಊರು ರಿಚರ್ಡ್‌ಸನ್‌ನಲ್ಲಿದ್ದ ಗೆಳತಿ ಸುಮಾ ವರಮಹಾಲಕ್ಷ್ಮಿ ಹಬ್ಬಕ್ಕೆ ಕರೆದಳು. ಶುಕ್ರವಾರ ಎಲ್ಲರಿಗೂ ಆಫೀಸ್ ಎಂದು ಹಬ್ಬವನ್ನೇ ಶನಿವಾರಕ್ಕೆ ತಳ್ಳಿದ್ದರು. ನಾನು ಬೆಳಿಗ್ಗೆಯೇ ಹೋಗಿ ಹೂರಣ ರುಬ್ಬಿ, ಹೋಳಿಗೆ ತಟ್ಟಿಕೊಟ್ಟೆ.

ಪೂಜೆ ಮುಗಿದು ಅರಿಶಿನ-ಕುಂಕುಮದ ತಟ್ಟೆ ಹೊರಟಿತು. ಪಕ್ಕದವಳವರೆಗೂ ಬಂದದ್ದು ನನ್ನನ್ನು ದಾಟಿ ಆಚೆಯವಳಿಗೆ ಹೋಯಿತು. ಸುಮಾ ಆಮೇಲೆ ಕಿವಿಯ ಹತ್ತಿರ ಬಗ್ಗಿ, “ಬೇಜಾರು ಮಾಡ್ಕೋಬೇಡ ಕಣೇ, ಊರಿಂದ ಅತ್ತೆ ಬಂದಿದಾರೆ. ಊಟ ಮಾಡ್ಕೊಂಡೇ ಹೋಗು” ಎಂದಳು. ಲಕ್ಷ್ಮಿಯನ್ನು ಶನಿವಾರ ಕೂರಿಸಲು ಒಪ್ಪಿದ ಶಾಸ್ತ್ರ ನನ್ನ ಹಣೆಯ ವಿಷಯದಲ್ಲಿ ಮಾತ್ರ ಬಿಗಿಯಾಗಿತ್ತು. ನಾನು ತಟ್ಟಿದ ಹೋಳಿಗೆಗೆ ಯಾವ ದೋಷವೂ ಇರಲಿಲ್ಲ. ಉಣ್ಣದೆ ಎದ್ದು, ನಡೆದುಕೊಂಡೇ ಹೋಗಿ ರೈಲು ಹತ್ತಿದೆ.

ನಾನು ಇಳಿಯುವ ಸ್ಟೇಷನ್ ನೆಲದಡಿಯದು. ಡಾಲಸ್‌ನ ರೈಲಿಗೆ ಅಂಥದ್ದು ಅದೊಂದೇ. ಅಲ್ಲಿನ ಎಸ್ಕಲೇಟರ್ ಎಷ್ಟು ಉದ್ದವೆಂದರೆ, ಹತ್ತಿದವರು ಬಹಳ ಹೊತ್ತು ಕಣ್ಣಿಗೆ ಕಾಣುತ್ತಲೇ ಇರುತ್ತಾರೆ. ನನ್ನ ಜೊತೆ ಇಳಿದವರೆಲ್ಲ ಮೇಲೆ ಹೋದರು. ನನಗೆ ಹೊರಗೆ ಹೋಗುವ ಮನಸ್ಸಾಗಲಿಲ್ಲ. ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

“ಯಾಕಮ್ಮಾ, ಹಬ್ಬದ ದಿನ ಬರೀ ಹಣೇಲಿದೀಯ?”

ತಲೆಯೆತ್ತಿದೆ. ಪಕ್ಕದಲ್ಲಿ ಹಸಿರು ನೂಲಿನ ಸೀರೆಯುಟ್ಟ ಹೆಂಗಸು, ನನ್ನ ಅಮ್ಮನ ವಯಸ್ಸು. ಯಾವಾಗ ಬಂದು ಕೂತರೋ ಕಾಣೆ. ಇವರೂ ಯಾರ ಮನೆಗೋ ಬಂದ ಅತ್ತೆಯೇ ಇರಬೇಕೆಂದು ಮೈಯೆಲ್ಲ ಉರಿಯಿತು. “ನನ್ನ ಗಂಡ ತೀರಿಕೊಂಡಿದಾರೆ” ಎಂದೆ.

“ನಾನು ಕೇಳಿದ್ದು ನಿನ್ನ ಹಣೆ ವಿಷಯ” ಎಂದವರೇ ಪುಟ್ಟ ಭರಣಿ ತೆಗೆದು ನನಗೆ ಕುಂಕುಮ ಇಟ್ಟರು. ಹೊರಗೆ ಟೆಕ್ಸಸ್ಸಿನ ಸುಡು ಬಿಸಿಲು. ಆ ಬೆರಳು ಬಾವಿ ನೀರಿನಷ್ಟು ತಣ್ಣಗಿತ್ತು.

ಕುಂಕುಮ ಇಟ್ಟವರಿಗೆ ತಿರುಗಿ ಇಡುವುದು ನಮ್ಮ ವಾಡಿಕೆ. ಭರಣಿಯಿಂದ ಚಿಟಿಕೆ ತೆಗೆದು ಕೈ ಚಾಚಿದೆ. ಅಷ್ಟರಲ್ಲಿ ರೈಲು ನುಗ್ಗಿ ಬಂದು ಗಾಳಿಗೆ ಕಣ್ಣು ಮುಚ್ಚಿತು. ತೆರೆದಾಗ ಪಕ್ಕದಲ್ಲಿ ಯಾರೂ ಇಲ್ಲ. ರೈಲಿನ ಬಾಗಿಲು ಇನ್ನೂ ತೆರೆದಿರಲಿಲ್ಲ. ಎಸ್ಕಲೇಟರ್ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

ಭ್ರಮೆ ಎನ್ನೋಣವೆಂದರೆ, ಮನೆಗೆ ಬಂದು ಕನ್ನಡಿ ನೋಡಿದಾಗ ಹಣೆಯಲ್ಲಿ ಕುಂಕುಮವಿತ್ತು. ಬೆರಳಿನಲ್ಲಿ ಉಳಿದ ಚಿಟಿಕೆಯನ್ನು ಕಾಗದದಲ್ಲಿ ಮಡಿಸಿಟ್ಟೆ. ದುಃಖದಲ್ಲಿ ಮೈಮರೆತು ಸುಮಾಳ ತಟ್ಟೆಗೆ ನಾನೇ ಕೈಹಾಕಿದ್ದೆನೇ ಎಂದೂ ಯೋಚಿಸಿದ್ದೇನೆ. ಆದರೆ ಆ ತಟ್ಟೆಯನ್ನು ನನ್ನ ಕೈಗೆಟುಕುವಷ್ಟು ಹತ್ತಿರಕ್ಕೆ ಯಾರೂ ತಂದಿರಲಿಲ್ಲ.

ಅವರು ಯಾರೆಂದು ಇಂದಿಗೂ ನನಗೆ ಗೊತ್ತಿಲ್ಲ. ಸುಮಾ ಈಗಲೂ ಹಬ್ಬಕ್ಕೆ ಕರೆಯುತ್ತಾಳೆ, ಹೋಳಿಗೆಗೆ ನಿನ್ನ ಕೈಯೇ ಆಗಬೇಕು ಎನ್ನುತ್ತಾಳೆ. ನಾನು ಹೋಗುವುದಿಲ್ಲ. ಪ್ರತಿ ವರ್ಷ ಹಬ್ಬದ ದಿನ ಆ ಕುಂಕುಮದ ಪೊಟ್ಟಣ ಹಿಡಿದು ನೆಲದಡಿಗೆ ಇಳಿದು, ಅದೇ ಬೆಂಚಿನ ಮೇಲೆ ಕೂರುತ್ತೇನೆ. ಇದುವರೆಗೆ ಯಾರೂ ಬಂದಿಲ್ಲ. ನನ್ನ ಕೈಯಿಂದ ಅವರಿಗೆ ಕುಂಕುಮ ಇಡುವುದು ಹಾಗೇ ಉಳಿದಿದೆ.