ಮೂರನೇ ಗುಂಡಿ

ಹಸೈನಾರ್ ತನ್ನ ಕೊನೆಯ ಎಂಟು ವರ್ಷಗಳನ್ನು ಮಲಗಿದ್ದಲ್ಲೇ ಕಳೆದ. ಕುತ್ತಿಗೆಯಿಂದ ಕೆಳಗೆ ಅವನ ಮಾತು ಕೇಳುತ್ತಿದ್ದದ್ದು ಬಲಗೈಯ ಹೆಬ್ಬೆರಳು ಒಂದೇ. ಮೂಗಿನ ಮೇಲೆ ನೊಣ ಕೂತರೂ "ಸಾಲಿಹಾ" ಎಂದು ಹೆಂಡತಿಯನ್ನು ಕರೆಯಬೇಕು. ದಿನಕ್ಕೆ ಎಷ್ಟು ಸಲ ಆ ಹೆಸರು ಕರೆಯುತ್ತೇನೆಂದು ಒಂದು ಬೆಳಿಗ್ಗೆ ಎಣಿಸಲು ಶುರು ಮಾಡಿ, ಮಧ್ಯಾಹ್ನದೊಳಗೆ ನಾಚಿಕೆಯಾಗಿ ಬಿಟ್ಟುಬಿಟ್ಟೆ ಎಂದು ಅವನೇ ಮಾಯಿಲಪ್ಪನಿಗೆ ಹೇಳಿದ್ದ.

ಮಾಯಿಲಪ್ಪ ಅವನ ಪಾಲುದಾರ. ಮೆಲ್ಕಾರಿನಲ್ಲಿ ಇಬ್ಬರದೂ ಸೇರಿ ಒಂದು ಟಿವಿ ರಿಪೇರಿ ಅಂಗಡಿ. ಕೆಟ್ಟ ಸೆಟ್ಟಿನ ಹೊಟ್ಟೆ ಬಗೆದು ರೋಗ ಹೇಳುವುದು ಹಸೈನಾರ್; ಹೇಳಿದಲ್ಲಿ ಬೆಸುಗೆ ಹಾಕುವುದು ಮಾಯಿಲಪ್ಪ. ಇಷ್ಟು ವರ್ಷದಲ್ಲಿ ಮಾಯಿಲಪ್ಪ ಒಂದು ನಕ್ಷೆಯನ್ನೂ ತಾನಾಗಿ ಓದಿದವನಲ್ಲ. "ನಿನ್ನ ಕೈಯ ಕೆಲಸ ಚಂದ ಮಾರಾಯ, ತಲೆ ಮಾತ್ರ ಬಾಡಿಗೆಯದ್ದು," ಎಂದು ಹಸೈನಾರ್ ಗಿರಾಕಿಗಳ ಎದುರೇ ಹೇಳುತ್ತಿದ್ದ. "ಬಾಡಿಗೆಗೆ ಕೊಟ್ಟವನು ನೀನಲ್ವ ಬ್ಯಾರಿ, ಹಾಳಾದರೆ ನಿನಗೇ ನಷ್ಟ," ಎಂದು ಮಾಯಿಲಪ್ಪ.

ಆಂಟೆನಾ ಕೂರಿಸುವಾಗಲೂ ಹಾಗೆಯೇ ಎರಡು ಪಾಲು. ಒಬ್ಬ ಮಾಡಿನ ಮೇಲೆ ಕೊಳವೆ ತಿರುಗಿಸುತ್ತ "ಬಂತಾ?" ಎಂದು ಕೇಳುವುದು, ಇನ್ನೊಬ್ಬ ಒಳಗೆ ಟಿವಿಯ ಎದುರು ನಿಂತು "ಬಂತು, ಬಂತು... ಹೋಯ್ತು!" ಎಂದು ಕೂಗುವುದು. ತೊಂಬತ್ತೆಂಟರ ಫೆಬ್ರವರಿಯಲ್ಲಿ ಅಳದಂಗಡಿಯ ಒಂದು ಮನೆಯಲ್ಲಿ ಒಳಗೆ ನಿಂತಿದ್ದವನು ಮಾಯಿಲಪ್ಪ. ಚಿತ್ರ ಬಂದಿತ್ತು. ಪರದೆಯ ಮೂಲೆಯಲ್ಲಿ ಚೂರು ಹಿಮದಂತೆ ಬಿಳಿ ಚುಕ್ಕಿ ಬೀಳುತ್ತಿತ್ತು, ಅಷ್ಟೆ. ಮನೆಯವರಾರೂ ದೂರಿರಲಿಲ್ಲ. ಮಾಯಿಲಪ್ಪನೇ "ಇನ್ನೂ ಚೂರು ಎಡಕ್ಕೆ" ಎಂದು ಕೂಗಿದ. ಹಸೈನಾರ್ ಕೈ ಚಾಚಿದ. ಹಂಚು ಒಡೆದು ಅವನು ಕೆಳಗೆ ಬಿದ್ದ ಸದ್ದು ಮಾಯಿಲಪ್ಪನಿಗೆ ಟಿವಿಯ ಸದ್ದಿನ ನಡುವೆಯೇ ಕೇಳಿಸಿತು.

ಅದರ ಬಗ್ಗೆ ಹಸೈನಾರ್ ಒಂದು ದಿನವೂ ಮಾತೆತ್ತಲಿಲ್ಲ. ಎತ್ತಿದ್ದರೆ ಮಾಯಿಲಪ್ಪನಿಗೆ ಹಗುರವಾಗುತ್ತಿತ್ತು. ಅವನು ಪ್ರತಿ ಭಾನುವಾರ ಪಾಣೆಮಂಗಳೂರಿನ ಹಸೈನಾರನ ಮನೆಗೆ ಹೋಗಿ, ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು, ವಾರದಲ್ಲಿ ಬಂದ ಕೆಟ್ಟ ಸೆಟ್ಟುಗಳ ಲಕ್ಷಣ ಹೇಳುತ್ತಿದ್ದ. ಹಸೈನಾರ್ ಕಣ್ಣು ಮುಚ್ಚಿ ಕೇಳಿ ರೋಗ ಹೇಳುತ್ತಿದ್ದ.

ಎರಡು ಸಾವಿರದ ನಾಲ್ಕರ ಕೊನೆಯಲ್ಲಿ ಹಸೈನಾರನ ತಮ್ಮ ನಿಝಾರ್ ಸೌದಿಯ ದಮ್ಮಾಮಿನಿಂದ ರಜೆಗೆ ಬಂದವನು ಒಂದು ಕಂಪ್ಯೂಟರ್ ತಂದು ಮಂಚದ ಎದುರಿನ ಮೇಜಿನ ಮೇಲಿಟ್ಟ. ಅಣ್ಣನಿಗೆ ಹೊತ್ತು ಹೋಗಲಿ ಎಂದು. ಆದರೆ ಅದನ್ನು ಮುಟ್ಟಲು ಕೈ ಬೇಕಲ್ಲ! ಸಾಲಿಹಾ ಅದಕ್ಕೆ ಕಸೂತಿಯ ಬಟ್ಟೆ ಹೊದೆಸಿಟ್ಟಳು.

ಮುಂದಿನ ಭಾನುವಾರ ಸಾಲಿಹಾ ಬಾವಿಕಟ್ಟೆಗೆ ಹೋದಾಗ ಹಸೈನಾರ್ ದನಿ ತಗ್ಗಿಸಿದ.

"ಕಪಾಟಿನ ಕೆಳಗೆ ಒಂದು ಬಿಸ್ಕತ್ತು ಡಬ್ಬಿ ಉಂಟು. ಅದರಲ್ಲಿ ಒಂದು ಕ್ಯಾಸೆಟ್. ತೆಗೆದುಕೊಂಡು ಹೋಗು."

"ಎಂತದ್ದು?"

"ಅವಳ ಪತ್ರ."

ತೊಂಬತ್ತೆರಡರಿಂದ ಮೂರು ವರ್ಷ ಹಸೈನಾರ್ ದಮ್ಮಾಮಿನಲ್ಲಿದ್ದ. ಆಗ ಪಾಣೆಮಂಗಳೂರು ಕಡೆಯ ಮನೆಗಳಲ್ಲಿ ಪತ್ರ ಬರೆಯುವುದಕ್ಕಿಂತ ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆ ಮುಗಿಸಿ ಹೊರಟವರ ಕೈಯಲ್ಲಿ ಕಳಿಸುವುದು ಹೆಚ್ಚು. ಮದುವೆಯಾಗಿ ಐದು ತಿಂಗಳಿಗೇ ಗಂಡನನ್ನು ಕಳಿಸಿಕೊಟ್ಟಿದ್ದ ಸಾಲಿಹಾ ನಲವತ್ತು ನಿಮಿಷ ಮಾತಾಡಿದ್ದಳು. ಅತ್ತೆಯ ಮೇಲಿನ ದೂರು, ಬೆಕ್ಕು ಮರಿ ಹಾಕಿದ್ದು, ನಡುವೆ ತಡೆಯಲಾಗದ ನಗು.

"ಈಗ ಅವಳು ನನ್ನ ಹತ್ತಿರ ಮಾತಾಡುವುದು ಮೂರೇ ಮಾತು. ಬಾಯಿ ತೆಗೆಯಿರಿ, ಮಗ್ಗುಲಾಗಿ, ನೋವುಂಟ. ತಪ್ಪು ಅವಳದ್ದಲ್ಲ. ಮತ್ತೆಂತ ಮಾತಾಡುವುದು? ಆದರೆ ಆ ಹುಡುಗಿಯ ಸ್ವರ ನನಗೊಮ್ಮೆ ಕೇಳಬೇಕು ಮಾಯಿಲ. ಅದನ್ನು ಹಾಕು ಅಂತ ಅವಳಿಗೇ ಹೇಗೆ ಹೇಳ್ಲಿ? ಬೆನ್ನಿನ ಹುಣ್ಣು ತೊಳೆದ ಕೈಯಲ್ಲಿ ಬಂದು ಅವಳು ಆ ಗುಂಡಿ ಒತ್ತಬೇಕಾ?"

"ನಾನು ಬಂದಾಗ ಹಾಕ್ತೇನೆ."

"ನೀನೂ ಬೇಡ. ನಾನೇ ಒತ್ತಬೇಕು. ಅವಳು ಇಲ್ಲದಾಗ."

ಅವಳು ಇಲ್ಲದ ಹೊತ್ತು ದಿನಕ್ಕೆ ಒಂದೇ. ಮಧ್ಯಾಹ್ನ ಮೂರಕ್ಕೆ ಕಟ್ಟಿದ ಬೀಡಿಯ ಬುಟ್ಟಿ ಎತ್ತಿಕೊಂಡು ಬೀಡಿ ಕಂಪನಿಯ ಬ್ರಾಂಚಿಗೆ ಹೋದರೆ ನಾಲ್ಕಕ್ಕೆ ಬರುತ್ತಿದ್ದಳು.

ದಾರಿಯನ್ನು ಹಸೈನಾರನೇ ಯೋಚಿಸಿಟ್ಟಿದ್ದ. ಟಿವಿಯ ರಿಮೋಟ್ ಹೆಬ್ಬೆರಳಿಗೆ ಸಾಕು. ಅದರಿಂದ ಹೊರಡುವ ಕಣ್ಣಿಗೆ ಕಾಣದ ಬೆಳಕನ್ನು ಹಿಡಿಯಲು ಟಿವಿಯೊಳಗೆ ಮೂರು ಕಾಲಿನ ಒಂದು ಕರಿ ಕಣ್ಣು ಇರುತ್ತದೆ. ಅಂಥದ್ದೊಂದನ್ನು ಕಂಪ್ಯೂಟರಿನ ಬೆನ್ನಿನ ಒಂಬತ್ತು ಸೂಜಿಯ ಕಂಡಿಗೆ, ಅಂದರೆ ಸೀರಿಯಲ್ ಪೋರ್ಟಿಗೆ, ಜೋಡಿಸಿದರೆ ಕಂಪ್ಯೂಟರ್ ಕೂಡ ರಿಮೋಟಿನ ಮಾತು ಕೇಳುತ್ತದೆ. ಮಾಯಿಲಪ್ಪನ ತಂಗಿಯ ಮಗಳು ಕಾಂತಿ ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಅವಳು ಇಂಟರ್ನೆಟ್ಟಿನಿಂದ ನಕ್ಷೆಯನ್ನು ಅಚ್ಚು ಹಾಕಿಸಿ ಕೊಟ್ಟಳು, ಬೇಕಾದ ಸಾಫ್ಟ್‌ವೇರನ್ನೂ ಒಂದು ದಿನ ಬಂದು ತುಂಬಿಸಿಕೊಟ್ಟಳು. ಕ್ಯಾಸೆಟ್ಟಿನ ಮಾತನ್ನು ಕಂಪ್ಯೂಟರಿಗೆ ಇಳಿಸಿದ್ದು ಮಾಯಿಲಪ್ಪ. ಇಳಿಸುವಾಗ ಅವನು ಸ್ಪೀಕರಿನ ವಯರ್ ಕಳಚಿಟ್ಟಿದ್ದ. ತನಗಲ್ಲದ್ದನ್ನು ಕೇಳಬಾರದೆಂದು.

ಮೊದಲ ಕರಿ ಕಣ್ಣನ್ನು ಅವನು ಸುಟ್ಟ. ಅಂಗಡಿಯಲ್ಲಿ ಒಬ್ಬನೇ ಕೂತು, ತಾನು ನೂರಾರು ಟಿವಿಗಳಿಗೆ ಬೆಸೆದ ಅಭ್ಯಾಸದಲ್ಲಿ ನಡುವಿನ ಕಾಲಿಗೆ ಗ್ರೌಂಡ್ ವಯರ್ ಕೊಟ್ಟ. ಮಂಗಳೂರಿನಿಂದ ತಂದ ಈ ಹೊಸದರಲ್ಲಿ ಕಾಲುಗಳ ಕ್ರಮ ಬೇರೆಯಿತ್ತು. ನಕ್ಷೆಯಲ್ಲಿ ಅದು ಸರಿಯಾಗಿಯೇ ಇತ್ತು. ಅವನು ನಕ್ಷೆ ನೋಡಿರಲಿಲ್ಲ.

"ಕಾಗದ ಎಂತಕ್ಕೆ ಕೊಟ್ಟದ್ದು? ಕಡ್ಲೆ ಕಟ್ಟಲಿಕ್ಕಾ?" ಎಂದ ಹಸೈನಾರ್. ನಕ್ಕುಬಿಟ್ಟ. ಆ ನಗು ಕೇಳಿ ಮಾಯಿಲಪ್ಪನಿಗೆ ಇನ್ನೂ ನಾಲ್ಕು ಸುಟ್ಟರೂ ಪರವಾಗಿಲ್ಲ ಅನ್ನಿಸಿತು.

ಎರಡನೆಯದನ್ನು ಮಂಚದ ಪಕ್ಕದಲ್ಲೇ ಕೂತು ಬೆಸೆದ. ಹಸೈನಾರನ ಕಣ್ಣೆದುರು ಕಾಗದ ಹಿಡಿದು, ಅವನು ಹೇಳಿದ ಹಾಗೆ, ಒಂದೊಂದೇ ಕಾಲು. ರಿಮೋಟಿನ ಗುಂಡಿಗಳು ಹೆಬ್ಬೆರಳಿಗೆ ಗಟ್ಟಿಯಾದವು. ಮಾಯಿಲಪ್ಪ ಮೂರು ಗುಂಡಿಗಳ ಮೇಲೆ ಅಂಗಿಯ ಗುಂಡಿಗಳನ್ನು ಅಂಟಿಸಿದ. ಮೊದಲನೆಯದು ಕುರ್‌ಆನ್ ಪಾರಾಯಣಕ್ಕೆ, ಎರಡನೆಯದು ಹಾಡಿಗೆ. ಸಾಲಿಹಾಗೆ ಹೇಳಿದ್ದು ಇಷ್ಟೇ.

ಮಾಯಿಲಪ್ಪ ಪರದೆಯ ಎದುರು ನಿಂತ. ಹೆಬ್ಬೆರಳು ಅದುಮಿತು.

"ಬಂತಾ?" ಎಂದ ಹಸೈನಾರ್.

ರಿಮೋಟಿನ ಬೆಳಕು ಮುಟ್ಟಿದ್ದಕ್ಕೆ ಗುರುತಾಗಿ ಪರದೆಯ ಮೇಲೆ ಅಂಕಿಗಳ ಒಂದು ಸಾಲು ಮೂಡಿತ್ತು. ಆರು ವರ್ಷದಿಂದ ಅವನು ಆ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ.

"ಬಂತು," ಎಂದ. "ಸಾಕು. ಸರಿಯಾಗಿ ಬಂತು."

ಆದರೆ ಮುಂದಿನ ಭಾನುವಾರ ಹಸೈನಾರನ ಮುಖ ಬಾಡಿತ್ತು. ಬೆಳಿಗ್ಗೆ ಪಾರಾಯಣ ಕೇಳುತ್ತದೆ, ಸಂಜೆ ಹಾಡು ಕೇಳುತ್ತದೆ, ಮೂರು ಗಂಟೆಗೆ ಮಾತ್ರ ಎಷ್ಟು ಒತ್ತಿದರೂ ಏನೂ ಇಲ್ಲ. ಆರು ದಿನವೂ ಹಾಗೆಯೇ. ಮಾಯಿಲಪ್ಪ ಬೆಸುಗೆಗಳನ್ನೆಲ್ಲ ಮತ್ತೆ ನೋಡಿದ, ಸೆಲ್ ಬದಲಿಸಿದ. ಎಲ್ಲ ಸರಿಯಿತ್ತು.

"ಬಿಡು. ವಯರಿನದ್ದಲ್ಲ," ಎಂದ ಹಸೈನಾರ್ ಮಾಡಿನತ್ತ ನೋಡುತ್ತ. ಹಂಚುಗಳ ನಡುವೆ ಬೆಳಕಿಗೆಂದು ಒಂದು ಗಾಜಿನ ಹಂಚಿತ್ತು. ಅದರಿಂದ ಇಳಿಯುವ ಬಿಸಿಲಿನ ತುಂಡು ದಿನವಿಡೀ ಹೇಗೆ ನಡೆಯುತ್ತದೆಂದು ಅವನಷ್ಟು ತಿಳಿದವರಿರಲಿಲ್ಲ. ನೋಡಲು ಅವನಿಗೆ ಬೇರೇನಿತ್ತು? "ಹತ್ತಕ್ಕೆ ಕಪಾಟು, ಹನ್ನೆರಡಕ್ಕೆ ನನ್ನ ಕಾಲು, ಎರಡೂವರೆಯಿಂದ ಮೇಜು. ರಿಮೋಟಿನದ್ದೂ ಬೆಳಕೇ, ಸೂರ್ಯನದ್ದೂ ಅದೇ ಜಾತಿ. ಆ ಕಣ್ಣು ಕುರುಡಾಗ್ತದೆ ಮಾರಾಯ."

"ಹಾಗಾದರೆ ಆ ಹಂಚಿನ ಮೇಲೆ ಒಂದು ಗೋಣಿ ಹಾಕ್ತೇನೆ."

"ಆಕಾಶ ಕಾಣುವುದು ನನಗೆ ಅಲ್ಲಿ ಮಾತ್ರ. ಅದನ್ನು ಮುಟ್ಟಬೇಡ."

ಅದಲ್ಲದೆ ಮಾಯಿಲಪ್ಪನನ್ನು ಮಾಡು ಹತ್ತಿಸುವುದೂ ಅವನಿಗೆ ಬೇಡವಾಗಿತ್ತು. ಮಾಯಿಲಪ್ಪ ಫೋಟೋ ಸ್ಟುಡಿಯೋದಿಂದ ರೀಲಿನ ಕರಿ ಡಬ್ಬಿಯೊಂದನ್ನು ಬೇಡಿ ತಂದು, ತಳ ಕತ್ತರಿಸಿ, ಕಣ್ಣಿಗೆ ಟೊಪ್ಪಿಯಂತೆ ತೊಡಿಸಿ, ಮಂಚದ ಕಡೆಗಷ್ಟೇ ನೋಡುವ ಹಾಗೆ ತಿರುಗಿಸಿಟ್ಟ.

ಮರುದಿನ ಮೂರಕ್ಕೆ ಏನಾಯಿತೆಂದು ಕೇಳಲು ಅವನು ಭಾನುವಾರದವರೆಗೆ ಕಾಯಬೇಕಾಯಿತು. ಹಸೈನಾರ್ ಹೇಳಿದ್ದು ಒಂದೇ ಮಾತು: "ಕೇಳಿತು." ಮತ್ತೆ ಮಾಯಿಲಪ್ಪ ಹೊರಡಲು ಎದ್ದಾಗ, "ಆ ಬೆಕ್ಕಿನ ವಿಷಯ ನನಗೆ ಮರೆತೇ ಹೋಗಿತ್ತು."

ಒಂದೂವರೆ ವರ್ಷ ಅದು ನಡೆಯಿತು. ಎರಡು ಸಾವಿರದ ಆರರ ಜುಲೈಯಲ್ಲಿ ಬೆನ್ನಿನ ಹುಣ್ಣಿನಿಂದ ಜ್ವರ ಏರಿ, ಮಂಗಳೂರಿನ ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ಹಸೈನಾರ್ ತೀರಿಕೊಂಡ. ಕೊನೆಗೆ ಅವನ ಹೆಬ್ಬೆರಳನ್ನು ಹಿಡಿದುಕೊಂಡಿದ್ದವನು ಮಾಯಿಲಪ್ಪ. ಅದು ಎರಡು ಸಲ ಅದುಮಿತು. ಏನು ಬೇಕಿತ್ತೋ ಮಾಯಿಲಪ್ಪನಿಗೆ ತಿಳಿಯಲಿಲ್ಲ.

ಸಾಲಿಹಾ ಇದ್ದತಿನಲ್ಲಿ ಕೂತಳು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರಿಗೆ ಕಾಣಿಸಿಕೊಳ್ಳುವ ಹಾಗಿಲ್ಲ. ಹದಿನೈದು ವರ್ಷದ ಬಳಕೆಯ ಮನೆಯೆದುರು ಮಾಯಿಲಪ್ಪ ಬಸ್ಸಿನಲ್ಲಿ ದಾಟಿಹೋಗುತ್ತಿದ್ದ. ಭಾನುವಾರ ಏನು ಮಾಡಬೇಕೆಂದು ಗೊತ್ತಾಗದೆ ಅಂಗಡಿ ತೆರೆದು ಕೂರುತ್ತಿದ್ದ.

ನವೆಂಬರಿನಲ್ಲಿ ಅವಳೇ ಹೇಳಿ ಕಳಿಸಿದಳು. ಮಂಚ ತೆಗೆದಿದ್ದರು. ಜಗಲಿಯಲ್ಲಿ ಚಹಾ ಇಟ್ಟು, ಬಾಗಿಲ ದಾರಂದಕ್ಕೆ ಒರಗಿ ನಿಂತಳು.

"ಕಂಪ್ಯೂಟರ್ ನಿಝಾರನ ಮಕ್ಕಳಿಗೆ ಹೋಗ್ತದೆ ಮಾಯಿಲಣ್ಣ. ನಿಮ್ಮ ಆ ವಯರನ್ನೆಲ್ಲ ಬಿಡಿಸಿಕೊಡಿ."

"ಅದರಲ್ಲಿ..." ಎಂದು ಮಾಯಿಲಪ್ಪ ತಡವರಿಸಿದ.

"ನನಗೆ ಗೊತ್ತುಂಟು. ಒಂದು ದಿನ ಬ್ರಾಂಚಿಗೆ ರಜೆ, ಬೇಗ ಬಂದೆ. ಅಂಗಳಕ್ಕೆ ಬರುವಾಗ ಒಳಗೆ ಯಾರೋ ಹುಡುಗಿ ನಗುವುದು ಕೇಳಿತು. ಯಾರು ಬಂದರಪ್ಪ ಅಂತ ನೋಡಿದರೆ ನಾನೇ." ಅವಳು ಸೆರಗಿನ ತುದಿ ಸುತ್ತಿದಳು. "ಒಳಗೆ ಹೋಗಲಿಲ್ಲ. ಇಲ್ಲೇ, ನೀವು ಕೂತಲ್ಲೇ ಬುಟ್ಟಿ ಇಟ್ಟು ಕೂತೆ. ಆಮೇಲೆ ಬೇಗ ಬಂದ ದಿನವೆಲ್ಲ ಹಾಗೇ. ಮುಗಿಯುವವರೆಗೆ ಕೂತು, ಆಗ ಬಂದ ಹಾಗೆ ಗೇಟಿನ ಶಬ್ದ ಮಾಡಿ ಒಳಗೆ ಹೋಗುವುದು. ಅವರಿಗೆ ನಾಚಿಕೆಯಾಗುವುದು ಬೇಡ ಅಂತ."

ಮಾಯಿಲಪ್ಪ ಚಹಾದ ಲೋಟವನ್ನು ಕೈಯಲ್ಲೇ ಹಿಡಿದಿದ್ದ. "ಅದನ್ನು ಸಿಡಿಗೆ ಹಾಕಿಕೊಡ್ಲಾ?"

"ನನ್ನದೇ ಸ್ವರ ನನಗೆ ಎಂತಕ್ಕೆ? ಅವರದ್ದು ಉಂಟಾ ನಿಮ್ಮ ಹತ್ತಿರ?"

ಇರಲಿಲ್ಲ. ದಮ್ಮಾಮಿನಿಂದ ಅವನು ಮಾತಾಡಿ ಕಳಿಸಿದ ಕ್ಯಾಸೆಟ್ಟುಗಳನ್ನು ಅವಳು ಎರಡು ಮೂರು ಸಲ ಕೇಳಿ, ತಿರುಗಿಸಿ, ಅದರ ಮೇಲೆಯೇ ತನ್ನ ಉತ್ತರ ತುಂಬಿಸಿ ಕಳಿಸಿದ್ದಳು. ಎಲ್ಲರ ಮನೆಯಲ್ಲೂ ಹಾಗೆಯೇ ಮಾಡುತ್ತಿದ್ದರು. ಬಿಸ್ಕತ್ತು ಡಬ್ಬಿಯ ಆ ಕ್ಯಾಸೆಟ್ಟಿನಲ್ಲೂ ಅವಳ ನಗುವಿನ ಕೆಳಗೆ ಮೊದಲು ಅವನ ಮಾತು ಇದ್ದಿರಬೇಕು.

"ಒಂದೂವರೆ ವರ್ಷ ಹೊರಗೆ ಕೂತೆ," ಎಂದಳು ಸಾಲಿಹಾ. "ಒಳಗೆ ಹೋಗಬೇಕಿತ್ತು. ಹೋಗಿ, ನಾನು ಹಾಗೆಲ್ಲ ಮಾತಾಡ್ತಿದ್ದೆನಾ ಅಂತ ಕೇಳಬೇಕಿತ್ತು. ಅವರು ಎಂತ ಹೇಳ್ತಿದ್ದರು ಮಾಯಿಲಣ್ಣ?"

ಮಾಯಿಲಪ್ಪನಿಗೆ ಹಸೈನಾರನ ಮಾತೆಲ್ಲ ಬರುತ್ತಿತ್ತು. ಅವನ ತಮಾಷೆ, ಅವನ ಬೈಗಳು, ಎಲ್ಲವನ್ನೂ ಅದೇ ರಾಗದಲ್ಲಿ ಹೇಳಬಲ್ಲ. ಇದಕ್ಕೆ ಅವನು ಏನು ಹೇಳುತ್ತಿದ್ದನೆಂದು ಮಾತ್ರ ಹೊಳೆಯಲಿಲ್ಲ. ತಣ್ಣಗಾದ ಚಹಾ ಕುಡಿದು, ವಯರು ಬಿಡಿಸಲು ಎದ್ದ.